ಪ್ರಶಸ್ತಿಯ ಮೇಲೆ ಯಾರ ಹೆಸರಿರಬೇಕು? ಕ್ಯಾಂಪ್‌ಬೆಲ್, ವೈಲ್ಡರ್, ಬುಕರ್ ಮತ್ತು ನಮ್ಮೂರಿನ ದತ್ತಿಗಳು

ಹೊಂಗೆನೆರಳು (ಚರ್ಚೆ ಶುರು ಮಾಡಿದವರು)

ಗೆಳೆಯರ ಜೊತೆ ಇದೇ ವಿಷಯಕ್ಕೆ ಜೋರು ವಾದ ಆಗಿದೆ. ಅಲ್ಲಿ ಮುಗಿಯಲಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ. ಒಬ್ಬರ ಹೆಸರಲ್ಲಿ ಸಾಹಿತ್ಯ ಪ್ರಶಸ್ತಿ ದಶಕಗಟ್ಟಲೆ ನಡೆದುಕೊಂಡು ಬಂದಿದೆ. ಆ ಮನುಷ್ಯನ ಕೆಟ್ಟ ಮುಖ ಎಲ್ಲರಿಗೂ ಗೊತ್ತಾಗುತ್ತದೆ, ಅಥವಾ ಮೊದಲೇ ಗೊತ್ತಿದ್ದದ್ದನ್ನು ಯಾರೋ ಗಟ್ಟಿಯಾಗಿ ಹೇಳುತ್ತಾರೆ. ಆಗ ಹೆಸರು ಉಳಿಸಬೇಕಾ, ತೆಗೆಯಬೇಕಾ?

ನನ್ನ ತಲೆಯಲ್ಲಿರುವುದು ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್ ಪ್ರಕರಣ. ವೈಜ್ಞಾನಿಕ ಕಥೆ ಓದುವವರಿಗೆ ಇವರು ಗೊತ್ತೇ ಇರುತ್ತಾರೆ. 1937ರಿಂದ 1971ರಲ್ಲಿ ಸಾಯುವವರೆಗೂ 'ಅಸ್ಟೌಂಡಿಂಗ್' ಎಂದು ಹೆಸರಾದ ಒಂದೇ ಪತ್ರಿಕೆಯ ಸಂಪಾದಕರಾಗಿದ್ದವರು. ಅಸಿಮೋವ್, ಹೈನ್‌ಲೈನ್‌ರಂಥ ದೊಡ್ಡ ಲೇಖಕರು ಇವರ ಕೈಯಲ್ಲೇ ಬೆಳೆದರು. ಹೊಸ ಬರಹಗಾರರಿಗೆ ಕೊಡುವ ಪ್ರಶಸ್ತಿಗೆ 1973ರಿಂದ ಇವರ ಹೆಸರಿತ್ತು. 2019ರಲ್ಲಿ ಡಬ್ಲಿನ್‌ನಲ್ಲಿ ನಡೆದ ವೈಜ್ಞಾನಿಕ ಕಥೆಗಳ ಸಮ್ಮೇಳನ ವರ್ಲ್ಡ್‌ಕಾನ್‌ನಲ್ಲಿ ಹಾಂಗ್‌ಕಾಂಗ್ ಮೂಲದ ಜೆನೆಟ್ ಇಂಗ್ ಆ ಪ್ರಶಸ್ತಿ ತೆಗೆದುಕೊಳ್ಳಲು ವೇದಿಕೆ ಹತ್ತಿದರು. ಶುರುವಿನಲ್ಲೇ, ಈ ಪ್ರಶಸ್ತಿಗೆ ಯಾರ ಹೆಸರಿದೆಯೋ ಆ ಮನುಷ್ಯ ಫ್ಯಾಸಿಸ್ಟ್ ಎಂದುಬಿಟ್ಟರು. ಹತ್ತು ದಿನ ಕಳೆಯುವಷ್ಟರಲ್ಲಿ ಹೆಸರು 'ಅಸ್ಟೌಂಡಿಂಗ್ ಪ್ರಶಸ್ತಿ' ಎಂದಾಯಿತು. ಮರುವರ್ಷ ಆ ಭಾಷಣಕ್ಕೇ ಒಂದು ಹ್ಯೂಗೋ ಬಂತು, ಅದು ವೈಜ್ಞಾನಿಕ ಕಥಾಲೋಕದ ದೊಡ್ಡ ಪ್ರಶಸ್ತಿ.

ತೆಗೆದದ್ದು ಸರಿ ಅಂತ ನನ್ನ ಅನಿಸಿಕೆ. ನನ್ನ ಗೆಳೆಯ ಹೇಳುವುದು, ಸತ್ತವರು ಎದ್ದು ಬಂದು ಉತ್ತರ ಕೊಡುವುದಿಲ್ಲ, ಇದು ಅನ್ಯಾಯ ಅಂತ. ನೀವೇನಂತೀರಿ?

ಹಳೇಪೇಪರ್

ನಾನು ನಿಮ್ಮ ಗೆಳೆಯರ ಪಕ್ಷ. ಇವತ್ತಿನ ಅಳತೆಗೋಲು ಹಿಡಿದು ಅಂದಿನವರನ್ನು ಅಳೆಯುತ್ತಾ ಹೋದರೆ ಒಬ್ಬರೂ ಉಳಿಯುವುದಿಲ್ಲ. ಆ ಕಾಲದ ಅಮೆರಿಕದಲ್ಲಿ ಎಲ್ಲರೂ ಹಾಗೇ ಇದ್ದರು.

ರಾತ್ರಿಓದು

ಎಲ್ಲರೂ ಹಾಗೇ ಇದ್ದರು ಅನ್ನುವುದು ನಿಜವಲ್ಲ. ಕ್ಯಾಂಪ್‌ಬೆಲ್ ಗುಲಾಮಗಿರಿಯನ್ನು ಸಮರ್ಥಿಸುವ ಸಂಪಾದಕೀಯ ಬರೆದದ್ದು 1960ರ ದಶಕದಲ್ಲಿ. ಮಾರ್ಟಿನ್ ಲೂಥರ್ ಕಿಂಗ್ ಬೀದಿಯಲ್ಲಿದ್ದ ಕಾಲ ಅದು. ಅವರ ಕಾಲದ ಲಕ್ಷಾಂತರ ಜನ ಅವರಿಗೆ ವಿರುದ್ಧವಾಗಿಯೇ ಯೋಚಿಸುತ್ತಿದ್ದರು.

ಸ್ಯಾಮ್ಯುಯೆಲ್ ಡಿಲೇನಿ ಕಥೆ ಕೇಳಿ. ಕಪ್ಪು ಜನಾಂಗದ ದೊಡ್ಡ ಲೇಖಕ. 1967ರಲ್ಲಿ ಅವರ 'ನೋವಾ' ಕಾದಂಬರಿಯನ್ನು ಧಾರಾವಾಹಿಯಾಗಿ ಹಾಕಿಕೊಳ್ಳುತ್ತೀರಾ ಅಂತ ಕ್ಯಾಂಪ್‌ಬೆಲ್‌ಗೆ ಕಳಿಸಿದರು. ವಾಪಸ್ ಬಂತು. ಕ್ಯಾಂಪ್‌ಬೆಲ್ ಏಜೆಂಟರಿಗೆ ಫೋನ್ ಮಾಡಿ, ಹೆಚ್ಚುಕಡಿಮೆ ಎಲ್ಲ ಇಷ್ಟವಾಯಿತು, ಆದರೆ ಕಪ್ಪು ನಾಯಕನನ್ನು ನಮ್ಮ ಓದುಗರು ಒಪ್ಪಿಕೊಳ್ಳಲಾರರು ಎಂದರಂತೆ. ಡಿಲೇನಿ ಇದನ್ನು 1998ರ ಪ್ರಬಂಧದಲ್ಲಿ ಬರೆದಿದ್ದಾರೆ. ಇದು ಊಟದ ಮೇಜಿನ ಹರಟೆ ಅಲ್ಲ. ಸಂಪಾದಕನಾಗಿ, ಆ ಕುರ್ಚಿಯಲ್ಲಿ ಕೂತು ಮಾಡಿದ ತೀರ್ಮಾನ. ಅದೇ ಮನುಷ್ಯನ ಹೆಸರಲ್ಲಿ ಹೊಸ ಬರಹಗಾರರಿಗೆ ಸ್ವಾಗತ ಅಂದರೆ ಹೇಗೆ? ಹೊಸಬರಿಗೆ ಬಾಗಿಲು ಹಾಕಿದವರು ಇವರೇ ಅಲ್ವಾ?

ಮೂರನೇಬೆಂಚು

ಬಾಗಿಲು ತೆಗೆದವರೂ ಇವರೇ. ರೋಬಾಟ್‌ಗಳ ಮೂರು ನಿಯಮಗಳನ್ನು ಮೊದಲು ಬಿಡಿಸಿ ಹೇಳಿದ್ದು ಕ್ಯಾಂಪ್‌ಬೆಲ್ ಅಂತ ಸ್ವತಃ ಅಸಿಮೋವ್ ಹೇಳುತ್ತಿದ್ದರು. ಅಸಿಮೋವ್ ಯಹೂದಿ ವಲಸಿಗರ ಮಗ, ಅಂಗಡಿಯಲ್ಲಿ ಅಪ್ಪನಿಗೆ ಸಹಾಯ ಮಾಡುತ್ತಿದ್ದ ಹುಡುಗ. ಆ ಹುಡುಗನನ್ನು ಕೂರಿಸಿಕೊಂಡು ತಿದ್ದಿದವರು ಯಾರು? ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಿ.

ರಾತ್ರಿಓದು

ಹೇಳೋಣ. ಚರಿತ್ರೆಯಲ್ಲಿ ಎರಡನ್ನೂ ಬರೆಯೋಣ. ಆದರೆ ಪ್ರಶಸ್ತಿ ಚರಿತ್ರೆಯ ಪುಸ್ತಕ ಅಲ್ಲ. ಅದರಲ್ಲಿ ಅಡಿಟಿಪ್ಪಣಿಗೆ ಜಾಗ ಇರುವುದಿಲ್ಲ. ಹೆಸರು ಮಾತ್ರ ಇರುತ್ತದೆ, ಅದೂ ಮೆಚ್ಚುಗೆಯಾಗಿ.

ದೂರದೇಶ

ಇದೇ ಥರ ಭಯಾನಕ ಕಥೆಗಾರ ಲವ್‌ಕ್ರಾಫ್ಟ್ ಪ್ರಶಸ್ತಿಯ ಹೆಸರನ್ನೂ ಬದಲಿಸಿದರಲ್ಲ?

ಕಪಾಟುಕೀಲಿ

ಅಲ್ಲಿ ಹೆಸರು ಬದಲಾಗಲಿಲ್ಲ. ಪ್ರಶಸ್ತಿಯ ಹೆಸರು ಮೊದಲಿಂದಲೂ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯೇ. 1975ರಿಂದ ಕೊಡುತ್ತಿದ್ದ ಟ್ರೋಫಿ ಮಾತ್ರ ಎಚ್. ಪಿ. ಲವ್‌ಕ್ರಾಫ್ಟ್‌ನ ತಲೆ. ವ್ಯಂಗ್ಯಚಿತ್ರಕಾರ ಗ್ಯಾಹನ್ ವಿಲ್ಸನ್ ಮಾಡಿದ್ದು, ಉದ್ದ ಮುಖ, ಗುಡ್ಡೆಗಣ್ಣು. ನಿಂತದ್ದು 2015ರಲ್ಲಿ.

ಆದರೆ ನನಗೆ ಇದು ಹೆಸರಿಗಿಂತ ದೊಡ್ಡ ಉದಾಹರಣೆ. ಹೆಸರಾದರೆ ಪತ್ರದಲ್ಲಿರುತ್ತದೆ, ಮಡಿಚಿ ಇಡಬಹುದು. ಇದು ಮನೆಯಲ್ಲಿ ಕಪಾಟಿನ ಮೇಲೆ ಕೂತು ನಿಮ್ಮನ್ನೇ ನೋಡುತ್ತದೆ. ನೈಜೀರಿಯಾ ಮೂಲದ ನೆಡಿ ಒಕೊರಾಫೋರ್‌ಗೆ 2011ರಲ್ಲಿ ಅತ್ಯುತ್ತಮ ಕಾದಂಬರಿಗೆ ಇದು ಬಂತು. ಮನೆಗೆ ಬಂದ ಗೆಳೆಯರೊಬ್ಬರು ಟ್ರೋಫಿ ನೋಡಿ ಮುಖ ಸಪ್ಪಗೆ ಮಾಡಿದರಂತೆ. ಲವ್‌ಕ್ರಾಫ್ಟ್ 1912ರಲ್ಲಿ ಬರೆದ ಒಂದು ಪದ್ಯದ ವಿಷಯ ತೆಗೆದರು. ಕಪ್ಪು ಜನರನ್ನು ದೇವರು ಪ್ರಾಣಿಗೂ ಮನುಷ್ಯನಿಗೂ ನಡುವೆ ಸೃಷ್ಟಿಸಿದ ಅನ್ನುವಂಥ ಪದ್ಯ. ಒಕೊರಾಫೋರ್ ಅದನ್ನು ಓದಿ, ಬರಹಗಾರ್ತಿಯಾಗಿ ನನಗೆ ಸಿಕ್ಕ ದೊಡ್ಡ ಗೌರವ ಇವನ ತಲೆಯ ರೂಪದಲ್ಲಿದೆ ಅಂತ ಸಂಕಟಪಟ್ಟು ಬರೆದರು.

ಹಿಂದಿನ ವರ್ಷ ಗೆದ್ದಿದ್ದ ಚೈನಾ ಮಿಯೆವಿಲ್ ಅವರ ಉತ್ತರ ನನಗೆ ತುಂಬಾ ಇಷ್ಟ. ಅವರು ಆ ತಲೆಯನ್ನು ತಮ್ಮ ಓದುವ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟಿದ್ದರಂತೆ. ಗೌರವವೂ ನೆನಪಿರುತ್ತದೆ, ಅವನ ಬೆನ್ನ ಹಿಂದೆ ಕೂತು ನಾನು ಬರೆಯುತ್ತೇನೆ ಎಂದರು.

ಜೋಳದರೊಟ್ಟಿ

ಗೋಡೆ ಕಡೆ ತಿರುಗಿಸಿ ಇಡೂದು ಛಲೋ ಐತಿ. ಆದರೆ ಗೆದ್ದವರು ಯಾಕೆ ಈ ಕಸರತ್ತು ಮಾಡಬೇಕು? ಕೊಟ್ಟವರು ಯೋಚನೆ ಮಾಡಬೇಕಿತ್ತು.

ಹಳೇಪೇಪರ್

ವಾಪಸ್ ಕೊಟ್ಟವರ ವಿಷಯವನ್ನೂ ಹೇಳಿ. ಎಸ್. ಟಿ. ಜೋಶಿ, ಪುಣೆಯಲ್ಲಿ ಹುಟ್ಟಿದವರು, ಲವ್‌ಕ್ರಾಫ್ಟ್ ಬಗ್ಗೆ ಜೀವಮಾನ ಪೂರ್ತಿ ಕೆಲಸ ಮಾಡಿದವರು. ಆ ಟ್ರೋಫಿ ತೆಗೆದದ್ದಕ್ಕೆ ಸಿಟ್ಟಾಗಿ ತಮ್ಮ ಎರಡೂ ಪ್ರಶಸ್ತಿ ಹಿಂತಿರುಗಿಸಿದರು. ಅವರೂ ಕಂದು ಬಣ್ಣದವರೇ. ಲವ್‌ಕ್ರಾಫ್ಟ್ ಜನಾಂಗದ್ವೇಷಿ ಅನ್ನುವುದು ಅವರಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು? ಆದರೂ ಅವರ ವಾದ, ಆ ಟ್ರೋಫಿ ಸಾಹಿತ್ಯಕ್ಕೆ ಸಂದ ಗೌರವ, ಅಭಿಪ್ರಾಯಗಳಿಗಲ್ಲ ಅಂತ. ಇದನ್ನು ತಳ್ಳಿಹಾಕಬೇಡಿ.

ತುಂಗಾತೀರ

ಪ್ರಶಸ್ತಿ ವಾಪಸ್ ಅಂದ ಕೂಡಲೇ 2015 ನೆನಪಾಯಿತು. ಅದೇ ವರ್ಷ ಧಾರವಾಡದಲ್ಲಿ ಕಲಬುರ್ಗಿ ಅವರ ಕೊಲೆ ಆದ ಮೇಲೆ ದೇಶದಲ್ಲಿ ಎಷ್ಟೊಂದು ಜನ ಅಕಾಡೆಮಿ ಪ್ರಶಸ್ತಿ ಹಿಂತಿರುಗಿಸಿದರು.

ಮೂರನೇಬೆಂಚು

ಅದು ಬೇರೆ ವಿಷಯ. ಅಲ್ಲಿ ಜಗಳ ಸಂಸ್ಥೆಯ ಮೌನದ ಮೇಲೆ, ಹೆಸರಿನ ಮೇಲಲ್ಲ. ಎರಡನ್ನೂ ಕಲಸಬೇಡಿ.

ತುಂಗಾತೀರ

ಕಲಸುತ್ತಿಲ್ಲ. ಪ್ರಶಸ್ತಿ ಕೈಗೆ ಬಂದ ಮೇಲೆ ಅದು ಯಾರದು ಅನ್ನುವ ಪ್ರಶ್ನೆ ಎರಡರಲ್ಲೂ ಇದೆ. ಅಷ್ಟೇ ಹೇಳಿದ್ದು.

ರಾತ್ರಿಓದು

ಜೋಶಿ ಅವರ ವಾದಕ್ಕೆ ಬರೋಣ. ಲವ್‌ಕ್ರಾಫ್ಟ್‌ನ ಪುಸ್ತಕ ಯಾರೂ ಸುಡಲಿಲ್ಲ. ಅಂಗಡಿಯಲ್ಲಿ ಸಿಗುತ್ತವೆ, ಜನ ಓದುತ್ತಾರೆ, ನಾನೂ ಓದುತ್ತೇನೆ, ಹೆದರುತ್ತೇನೆ. ನಿಂತದ್ದು ಒಂದು ತಲೆಯ ಬೊಂಬೆ. ಪುಸ್ತಕ ಓದುವುದು ನನ್ನ ಆಯ್ಕೆ. ಪ್ರಶಸ್ತಿಯ ವಿಷಯದಲ್ಲಿ ಗೆದ್ದವರಿಗೆ ಆ ಆಯ್ಕೆ ಇಲ್ಲ. ಅವರ ಪುಸ್ತಕದ ಮುಖಪುಟದಲ್ಲಿ, ಅವರ ಪರಿಚಯದಲ್ಲಿ, ಸತ್ತ ಮೇಲೆ ಪತ್ರಿಕೆಯಲ್ಲಿ ಬರುವ ನಾಲ್ಕು ಸಾಲಿನಲ್ಲೂ ಆ ಹೆಸರು ಅಂಟಿಕೊಂಡಿರುತ್ತದೆ. ಅದಕ್ಕೇ ಗೆದ್ದವರ ಮಾತಿಗೆ ಜಾಸ್ತಿ ತೂಕ ಇರಬೇಕು ಅನ್ನುತ್ತೇನೆ. ನಮ್ಮಂಥ ಓದುಗರ ಮಾತಿಗಿಂತ, ಅಭಿಮಾನಿಗಳ ಮಾತಿಗಿಂತ.

ಹೊಂಗೆನೆರಳು

ಇದು ಗೆಳೆಯರ ಜೊತೆಗಿನ ವಾದದಲ್ಲಿ ಬಂದಿರಲಿಲ್ಲ. ಕೊಡುವವರು, ಸತ್ತವರು ಅಂತ ಮಾತಾಡುತ್ತಿದ್ದೆವು. ತೆಗೆದುಕೊಳ್ಳುವವರ ಬಗ್ಗೆ ಯಾರೂ ಯೋಚಿಸಲಿಲ್ಲ.

ಬಿಳಿಮಗ್ಗು

ವೈಲ್ಡರ್ ವಿಷಯದಲ್ಲಿ ನನಗೆ ನಿಜವಾಗಿ ಬೇಜಾರಾಗಿದೆ. ಲಾರಾ ಇಂಗಲ್ಸ್ ವೈಲ್ಡರ್ ಅವರ ಪುಟ್ಟ ಮನೆ ಪುಸ್ತಕಗಳು ಕನ್ನಡಕ್ಕೂ ಬಂದಿವೆ, ಚಿಕ್ಕವಳಿದ್ದಾಗ ಓದಿ ಬೆಳೆದವಳು ನಾನು. ಅಪ್ಪ ಮರ ಕಡಿದು ಮನೆ ಕಟ್ಟುವುದು, ರಾತ್ರಿ ಪಿಟೀಲು ನುಡಿಸುವುದು ಎಲ್ಲ ಇವತ್ತಿಗೂ ಕಣ್ಣ ಮುಂದಿದೆ. ಅಮೆರಿಕದ ಗ್ರಂಥಾಲಯದವರು 1954ರಲ್ಲಿ ಅವರ ಹೆಸರಲ್ಲಿ ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿ ಇಟ್ಟು ಮೊದಲನೆಯದನ್ನು ಅವರಿಗೇ ಕೊಟ್ಟರು. 2018ರಲ್ಲಿ ಹೆಸರು ತೆಗೆದರು. ಆಕೆ ಕ್ಯಾಂಪ್‌ಬೆಲ್ ಥರ ದ್ವೇಷದ ಸಂಪಾದಕೀಯ ಬರೆದವರಲ್ಲ. ತಾನು ಕಂಡ ಬದುಕನ್ನು ಬರೆದರು.

ಕಪಾಟುಕೀಲಿ

ಆ ಬದುಕು ನಡೆದದ್ದು ಯಾರ ನೆಲದಲ್ಲಿ? ಕ್ಯಾನ್ಸಸ್‌ನ ಆ ಜಾಗ ಓಸೇಜ್ ಬುಡಕಟ್ಟಿನವರದು. ಇಂಗಲ್ಸ್ ಕುಟುಂಬ ಅಲ್ಲಿ ಹೋಗಿ ಕೂತದ್ದೇ ಅಕ್ರಮವಾಗಿ. 1935ರ ಪುಸ್ತಕದಲ್ಲಿ ಅಲ್ಲಿ ಜನರೇ ಇರಲಿಲ್ಲ, ಇಂಡಿಯನ್ನರು ಮಾತ್ರ ಇದ್ದರು ಅಂತ ಒಂದು ಸಾಲಿತ್ತು. ಓದುಗರೊಬ್ಬರು ಪತ್ರ ಬರೆದ ಮೇಲೆ ವೈಲ್ಡರ್ ಒಪ್ಪಿಕೊಂಡು 1953ರ ಮುದ್ರಣದಲ್ಲಿ ತಿದ್ದಿಸಿದರು. ಅದು ಅವರ ದೊಡ್ಡತನ, ಒಪ್ಪುತ್ತೇನೆ. ಆದರೆ ಒಳ್ಳೆಯ ಇಂಡಿಯನ್ ಅಂದರೆ ಸತ್ತ ಇಂಡಿಯನ್ ಅನ್ನುವ ಮಾತನ್ನು ಪಾತ್ರಗಳ ಬಾಯಲ್ಲಿ ಓದುವ ಓಸೇಜ್ ಮಗುವಿಗೆ ಆ ಪುಸ್ತಕ ಹೇಗಿರುತ್ತದೆ? ಪ್ರಶಸ್ತಿ ಇರುವುದು ಆ ಮಗುವಿಗಾಗಿಯೂ ತಾನೇ?

ಬಿಳಿಮಗ್ಗು

ಆ ಮಾತು ಹೇಳುವ ಪಾತ್ರವನ್ನು ಅಪ್ಪ ಒಪ್ಪುವುದಿಲ್ಲ ಅನ್ನುವುದನ್ನೂ ಹೇಳಬೇಕು ನೀವು. ಕಾದಂಬರಿಯಲ್ಲಿ ಒಬ್ಬ ಆಡಿದ ಮಾತು ಲೇಖಕಿಯದಾಗುತ್ತದಾ? ಹಾಗಾದರೆ ನಮ್ಮಲ್ಲಿ ಜಾತಿ ಬಗ್ಗೆ ಬರೆದ ಅರ್ಧ ಕಾದಂಬರಿಗಳು ಹೋಗುತ್ತವೆ. ಹೆಸರು ತೆಗೆದದ್ದು ಅವಸರ. ನನ್ನ ನಿಲುವು ಇದೇ.

ದೂರದೇಶ

ಬಿಳಿಮಗ್ಗು ಅವರ ಜೊತೆ ನಾನಿದ್ದೇನೆ. ಎಲ್ಲ ಪ್ರಕರಣವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಇನ್ನೂ ಕಷ್ಟದ್ದು ಟಿಪ್ಟ್ರೀ ಪ್ರಶಸ್ತಿ. ಜೇಮ್ಸ್ ಟಿಪ್ಟ್ರೀ ಅಂದರೆ ಆಲಿಸ್ ಶೆಲ್ಡನ್, ಗಂಡಸಿನ ಹೆಸರಲ್ಲಿ ಬರೆದ ಹೆಣ್ಣು. ಹೆಣ್ಣು ಗಂಡು ಅನ್ನುವ ಗೆರೆಯನ್ನೇ ಪ್ರಶ್ನಿಸುವ ಕಥೆಗಳಿಗೆ 1991ರಲ್ಲಿ ಇಬ್ಬರು ಲೇಖಕಿಯರು ಈ ಪ್ರಶಸ್ತಿ ಶುರು ಮಾಡಿದರು. ಕೇಕು ಬಿಸ್ಕತ್ತು ಮಾರಿ ದುಡ್ಡು ಕೂಡಿಸಿದರು. ಆದರೆ ಶೆಲ್ಡನ್ 1987ರಲ್ಲಿ, ಹೆಚ್ಚುಕಡಿಮೆ ಕುರುಡಾಗಿದ್ದ 84 ವರ್ಷದ ಗಂಡನಿಗೆ ಗುಂಡು ಹೊಡೆದು ತಾನೂ ಹೊಡೆದುಕೊಂಡರು. ಮೊದಲೇ ಮಾಡಿಕೊಂಡ ಒಪ್ಪಂದ ಅಂತ ಬಹಳ ಜನ ನಂಬಿದ್ದರು. ಅಂಗವಿಕಲ ಓದುಗರು ಕೇಳಿದ ಪ್ರಶ್ನೆ ಬೇರೆ. ನೋಡಿಕೊಳ್ಳುವವರೇ ಕೊಂದರೆ ಅದನ್ನು ಯಾಕೆ ಪ್ರೀತಿ ಅಂತ ಕರೆಯುತ್ತೀರಿ ಅಂತ.

2019ರಲ್ಲಿ ಸಮಿತಿಯವರು ಮೊದಲು ಹೆಸರು ಉಳಿಸುತ್ತೇವೆ ಎಂದರು. ಕೆಲವೇ ದಿನಗಳಲ್ಲಿ ನಿರ್ಧಾರ ಬದಲಿಸಿ 'ಅದರ್‌ವೈಸ್ ಪ್ರಶಸ್ತಿ' ಎಂದು ಮಾಡಿದರು. ನನಗೆ ಎರಡೂ ಕಡೆಯ ನೋವು ಅರ್ಥವಾಗುತ್ತದೆ. ಆ ಮನೆಯೊಳಗೆ ಆ ರಾತ್ರಿ ಏನು ಮಾತಾಯಿತು ಅಂತ ತೀರ್ಪು ಕೊಡುವವರು ನಾವಲ್ಲ.

ಜೋಳದರೊಟ್ಟಿ

ತೀರ್ಪು ಕೊಡಲಿಕ್ಕೆ ಆಗೂದಿಲ್ಲ ಅಂದರೆ ಹೆಸರು ಇಟ್ಟು ಮೆರೆಸೂದೂ ಬ್ಯಾಡ ಅಂತ ನನ್ನ ಅಭಿಪ್ರಾಯ.

ಕಪಾಟುಕೀಲಿ

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ, ನಮ್ಮ ವೃತ್ತಿಯದೇ ಒಂದು ಉದಾಹರಣೆ ಕೊಡುತ್ತೇನೆ. ಮೆಲ್ವಿಲ್ ಡ್ಯೂಯಿ, ಗ್ರಂಥಾಲಯದ ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಪದ್ಧತಿ ಮಾಡಿದವರು. ಹೆಂಗಸರ ಮೇಲೆ ಕೈಹಾಕುವ ಚಾಳಿಯಿದ್ದ ಮನುಷ್ಯ. ತನ್ನ ಕ್ಲಬ್ಬಿಗೆ ಯಹೂದಿಗಳನ್ನು ಸೇರಿಸುತ್ತಿರಲಿಲ್ಲ. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘ ತನ್ನ ದೊಡ್ಡ ಪದಕದಿಂದ ಅವರ ಹೆಸರು ತೆಗೆಯಲು ತೀರ್ಮಾನಿಸಿತು. ಆದರೆ ಡ್ಯೂಯಿಯ ವರ್ಗೀಕರಣ? ಅದು ಹಾಗೇ ಇದೆ. ಇವತ್ತು ಬೆಳಿಗ್ಗೆಯೂ ಒಂದು ಕಥಾಸಂಕಲನದ ಬೆನ್ನಿಗೆ 894.814 ಅಂತ ಚೀಟಿ ಅಂಟಿಸಿದ್ದೇನೆ. ಕನ್ನಡ ಸಾಹಿತ್ಯದ ಸಂಖ್ಯೆ ಅದು. ಕೆಲಸಕ್ಕೆ ಬರುವುದನ್ನು ಬಳಸೋಣ. ಕೊರಳಿಗೆ ಹಾಕುವ ಪದಕದ ಮೇಲೆ ಹೆಸರು ಬೇಡ. ಇದರಲ್ಲಿ ನನಗೆ ಗೊಂದಲವೇ ಇಲ್ಲ.

ಮೂರನೇಬೆಂಚು

ಸರಿ, ನೊಬೆಲ್? ಡೈನಮೈಟ್ ದುಡ್ಡು. ಯಾರೂ ಯಾಕೆ ಮಾತಾಡುವುದಿಲ್ಲ?

ರಾತ್ರಿಓದು

ನೊಬೆಲ್ ತನ್ನ ಉಯಿಲಿನಲ್ಲಿ ತನ್ನ ದುಡ್ಡು ಇಟ್ಟು ಹೋದವರು. ಕ್ಯಾಂಪ್‌ಬೆಲ್ ಹೆಸರು ಬೇರೆಯವರು ಗೌರವಕ್ಕೆ ಇಟ್ಟದ್ದು. ಗೌರವಕ್ಕೆ ಇಟ್ಟದ್ದನ್ನು ತೆಗೆಯುವುದು ಸುಲಭ. ದುಡ್ಡಿನ ಜೊತೆ ಬಂದ ಹೆಸರು ಕಷ್ಟ.

ತುಂಗಾತೀರ

ಹಾಗಾದರೆ ಬುಕರ್‌ಗೆ ಬನ್ನಿ. 2025ರಲ್ಲಿ ಬಾನು ಮುಷ್ತಾಕ್ ಮತ್ತು ದೀಪಾ ಭಾಸ್ತಿ ಅವರಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ಕುಣಿದೆವು. ಕನ್ನಡಕ್ಕೆ ಮೊದಲ ಸಲ, ಸಣ್ಣ ಕಥೆಗಳ ಸಂಕಲನಕ್ಕೂ ಮೊದಲ ಸಲ. ನಾನಂತೂ ಅವತ್ತು ಸಿಕ್ಕವರಿಗೆಲ್ಲ ಫೋನ್ ಮಾಡಿದ್ದೇನೆ. ಆದರೆ ಆ ಹೆಸರು ಎಲ್ಲಿಂದ ಬಂತು ನೋಡಿ. ಬುಕರ್ ಸಹೋದರರು ಬ್ರಿಟಿಷ್ ಗಯಾನಾದ ತೋಟಗಳಲ್ಲಿ ಗುಲಾಮರನ್ನು ದುಡಿಸಿದವರು. ಗುಲಾಮಗಿರಿ ನಿಂತ ಮೇಲೆ 1838ರಿಂದ ಅಲ್ಲಿನ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ನಮ್ಮ ದೇಶದವರೇ. ಕಂಪನಿಯ ಹಿಡಿತ ಎಷ್ಟಿತ್ತೆಂದರೆ ಆ ನಾಡನ್ನು ಬುಕರ್ಸ್ ಗಯಾನಾ ಅಂತಲೇ ಕರೆಯುತ್ತಿದ್ದರು. 1972ರಲ್ಲಿ ಜಾನ್ ಬರ್ಜರ್ ಬುಕರ್ ಗೆದ್ದಾಗ ವೇದಿಕೆಯಲ್ಲೇ ಇದನ್ನು ಹೇಳಿ, ಅರ್ಧ ದುಡ್ಡನ್ನು ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಲಂಡನ್ನಿನ ಬ್ಲ್ಯಾಕ್ ಪ್ಯಾಂಥರ್ ಚಳವಳಿಗೆ ಕೊಟ್ಟರು.

ಹಳೇಪೇಪರ್

ನೋಡಿದಿರಾ? ನಮ್ಮವರಿಗೆ ಬಂದಾಗ ಹೆಸರು ನೋಡಲಿಲ್ಲ. ನಾನು ಹೇಳಿದ್ದೂ ಇದನ್ನೇ.

ತುಂಗಾತೀರ

ಇಲ್ಲ, ನಾನು ಹೇಳುತ್ತಿರುವುದು ಬೇರೆ. ಬುಕರ್ ಕಂಪನಿಯ ದುಡ್ಡು ಈಗ ಆ ಪ್ರಶಸ್ತಿಯಲ್ಲಿ ಇಲ್ಲ. ಪ್ರತಿಷ್ಠಾನದವರೇ ಆ ಚರಿತ್ರೆಯನ್ನು ತಮ್ಮ ಜಾಲತಾಣದಲ್ಲಿ ಬರೆದಿದ್ದಾರೆ. ಹಾಸನದ ಒಬ್ಬ ಮುಸ್ಲಿಂ ಹೆಣ್ಣುಮಗಳ ಕಥೆಗಳು ಆ ವೇದಿಕೆಗೆ ಹೋದದ್ದು ದೊಡ್ಡದೇ. ಅದಕ್ಕೆ ಸಂತೋಷಪಡುತ್ತಲೇ ಆ ಹೆಸರಿನ ಹಿಂದೆ ಏನಿದೆ ಅಂತ ನಮ್ಮ ಮಕ್ಕಳಿಗೆ ಹೇಳಬೇಕು. ಬರ್ಜರ್ ಪ್ರಶಸ್ತಿ ಬೇಡ ಅನ್ನಲಿಲ್ಲ, ತೆಗೆದುಕೊಂಡು ಮಾತಾಡಿದರು.

ಬಿಳಿಮಗ್ಗು

ನಮ್ಮಲ್ಲಿ ಸರ್ಕಾರದ ದೊಡ್ಡ ಪ್ರಶಸ್ತಿಗೆ ಪಂಪನ ಹೆಸರು. ಬನವಾಸಿಯ ಕದಂಬೋತ್ಸವದಲ್ಲಿ ಕೊಡುತ್ತಾರೆ. ಹತ್ತನೇ ಶತಮಾನದ ಕವಿ ಮನೆಯಲ್ಲಿ ಹೇಗಿದ್ದ ಅಂತ ಯಾರಿಗೆ ಗೊತ್ತು? ಪತ್ರ, ಡೈರಿ ಬಿಟ್ಟುಹೋದವರು ಮಾತ್ರ ಸಿಕ್ಕಿಬೀಳುತ್ತಾರೆ. ಅದೂ ಒಂದು ಅನ್ಯಾಯ.

ಅಡಿಕೆಚಪ್ಪರ

ಇಷ್ಟು ಹೊತ್ತು ಓದುತ್ತಿದ್ದೆ. ನೀವೆಲ್ಲ ಲಂಡನ್ನು ಡಬ್ಲಿನ್ನು ಅನ್ನುತ್ತಿದ್ದೀರಿ, ನನ್ನ ತಾಲೂಕಿನದ್ದು ಹೇಳುತ್ತೇನೆ. ಯಾರ ಹೆಸರೂ ಹೇಳುವುದಿಲ್ಲ.

ನಮ್ಮ ಸಾಹಿತ್ಯ ಸಂಘದಲ್ಲಿ ಹಳೇ ಜಮೀನ್ದಾರರೊಬ್ಬರ ಹೆಸರಲ್ಲಿ ಕಥಾ ಪ್ರಶಸ್ತಿ ಇದೆ. ಅವರ ಮಕ್ಕಳು ಇಟ್ಟ ದತ್ತಿ. ಅವರು ಕವಿತೆ ಬರೆಯುತ್ತಿದ್ದರು, ನಾಟಕ ಆಡಿಸುತ್ತಿದ್ದರು, ನಿಜ. 1974ರಲ್ಲಿ ಭೂಸುಧಾರಣೆ ಬಂದು ಗೇಣಿದಾರರು ಉಳುವ ನೆಲ ತಮಗೇ ಸಿಗಲಿ ಅಂತ ಫಾರಂ ನಂಬರ್ 7 ತುಂಬಿ ಡಿಕ್ಲರೇಷನ್ ಹಾಕಲು ಹೊರಟಾಗ ಊರೂರಿಗೆ ಆಳು ಕಳಿಸಿ ಹೆದರಿಸಿದವರೂ ಅವರೇ. ನಮ್ಮ ಕಡೆ ಎಷ್ಟೋ ಜನ ಆ ಹೆದರಿಕೆಗೆ ಫಾರಂ ಹಾಕಲೇ ಇಲ್ಲ. ಉಳುತ್ತಿದ್ದ ಗದ್ದೆ ಬಿಟ್ಟು ಕೂಲಿಗೆ ಹೋದರು.

ಹಿಂದಿನ ಸಲ ಆ ಪ್ರಶಸ್ತಿ ಬಂದದ್ದು ಅಂಥದೇ ಒಂದು ಮನೆಯ ಹುಡುಗಿಗೆ. ಕಥೆ ಚೆನ್ನಾಗಿತ್ತು, ತೀರ್ಪುಗಾರರಿಗೆ ಹಿನ್ನೆಲೆ ಗೊತ್ತಿರಲಿಲ್ಲ. ಸಮಾರಂಭದ ದಿನ ವೇದಿಕೆಯ ಒಂದು ಬದಿ ಆ ಹಿರಿಯರ ಫೋಟೋ, ಅದಕ್ಕೆ ಸೇವಂತಿಗೆ ಹಾರ. ಪ್ರಶಸ್ತಿ ಪಡೆಯುವವರು ಮೊದಲು ಫೋಟೋಗೆ ಹೂವು ಹಾಕಬೇಕು, ಅದು ಪದ್ಧತಿ. ಹುಡುಗಿ ಹೂವು ಕೈಯಲ್ಲಿ ಹಿಡಿದು ನಿಂತಳು. ಹಾಕಲಿಲ್ಲ. ತಟ್ಟೆಗೇ ವಾಪಸ್ ಇಟ್ಟು, ಶಾಲು ಹೊದೆಸಿಕೊಂಡು, ಫಲಕ ತೆಗೆದುಕೊಂಡು ಇಳಿದುಬಂದಳು. ಅವಳ ತಾಯಿ ಕೊನೇ ಸಾಲಿನಲ್ಲಿ ಕೂತಿದ್ದರು. ಕಾರ್ಯದರ್ಶಿ ಕರೆದರೂ ಫೋಟೋ ತೆಗೆಸಿಕೊಳ್ಳಲು ವೇದಿಕೆಗೆ ಬರಲಿಲ್ಲ.

ನಾನು ಸಂಘದ ಸಮಿತಿಯಲ್ಲಿದ್ದೇನೆ. ಆಮೇಲೆ ಈ ವಿಷಯ ಎತ್ತಿದ್ದಕ್ಕೆ, ಸುಮ್ನೆ ಹಳೇದನ್ನು ಕೆದಕಬೇಡ, ಆ ಬಡ್ಡಿ ದುಡ್ಡು ಇಲ್ಲದಿದ್ದರೆ ವರ್ಷದ ಕಾರ್ಯಕ್ರಮವೇ ಇಲ್ಲ ಎಂದರು. ಅದೂ ಸುಳ್ಳಲ್ಲ.

ಜೋಳದರೊಟ್ಟಿ

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸ್ರಿ.

ಹಳೇಪೇಪರ್

ಇದು ಬೇರೆ ಥರ. ಕ್ಯಾಂಪ್‌ಬೆಲ್ ವಿಷಯದಲ್ಲಿ ನನ್ನ ಮಾತು ಬದಲಾಗುವುದಿಲ್ಲ, ಆದರೆ ಇಲ್ಲಿ ಅನುಭವಿಸಿದ ಮನೆಯವರು ಇನ್ನೂ ಬದುಕಿದ್ದಾರೆ. ಕಡೇಪಕ್ಷ ಫೋಟೋಗೆ ಹೂವು ಹಾಕಿಸುವ ಪದ್ಧತಿ ಕೂಡಲೇ ನಿಲ್ಲಿಸಿ.

ರಾತ್ರಿಓದು

ಡಿಲೇನಿ ಕೂಡ ಬದುಕಿದ್ದರು, ಪ್ರತಿ ವರ್ಷ ಆ ಹೆಸರು ಕೂಗುವಾಗ.

ಮೂರನೇಬೆಂಚು

ವಿಷಯಕ್ಕೆ ಹೊರತು, ಆದರೂ ಹೇಳುತ್ತೇನೆ. ನಮ್ಮ ಕಡೆ ಪ್ರಶಸ್ತಿ ಸಮಾರಂಭಗಳಲ್ಲಿ ದತ್ತಿ ದಾನಿಗಳ ಕುಟುಂಬದ ಭಾಷಣ ಅರ್ಧ ಗಂಟೆ, ಗೆದ್ದ ಬರಹಗಾರರಿಗೆ ಎರಡು ನಿಮಿಷ. ಮೊದಲು ಅದು ಬದಲಾಗಬೇಕು.

ದೂರದೇಶ

ಅಡಿಕೆಚಪ್ಪರ ಅವರೇ, ದತ್ತಿ ಪತ್ರದಲ್ಲಿ ಹೆಸರಿನ ಷರತ್ತು ಇದೆಯಾ? ಷರತ್ತು ಇದ್ದರೆ ದುಡ್ಡು ಇಟ್ಟುಕೊಂಡು ಹೆಸರು ಮಾತ್ರ ತೆಗೆಯುವುದು ಸರಿಯಲ್ಲ. ಮಕ್ಕಳ ಹತ್ತಿರ ಮಾತಾಡಿ. ಒಪ್ಪದಿದ್ದರೆ ಅಸಲು ವಾಪಸ್ ಕೊಡಿ. ಟಿಪ್ಟ್ರೀಯವರು ಕೇಕು ಮಾರಿ ದುಡ್ಡು ಕೂಡಿಸಿದ್ದನ್ನು ಮೇಲೆ ಬರೆದಿದ್ದೇನೆ. ಸಣ್ಣ ಮೊತ್ತದಲ್ಲೂ ಮರ್ಯಾದೆಯ ಪ್ರಶಸ್ತಿ ನಡೆಸಬಹುದು.

ಬಿಳಿಮಗ್ಗು

ವಾಪಸ್ ಕೊಡುವ ಮುಂಚೆ ಆ ಹುಡುಗಿಯನ್ನೂ ಅವಳ ತಾಯಿಯನ್ನೂ ಕೇಳಿ. ಅವರಿಗೆ ಪ್ರಶಸ್ತಿ ನಿಲ್ಲುವುದು ಬೇಕಾ, ಹೆಸರು ಹೋಗುವುದು ಬೇಕಾ, ಅಥವಾ ಆಗಿದ್ದನ್ನು ಯಾರಾದರೂ ವೇದಿಕೆಯಲ್ಲಿ ಒಪ್ಪಿಕೊಳ್ಳುವುದು ಸಾಕಾ ಅಂತ. ನಾವೇ ಕೂತು ತೀರ್ಮಾನ ಮಾಡಬಾರದು.

ಅಡಿಕೆಚಪ್ಪರ

ಷರತ್ತು ಇದೆ, ಛಾಪಾ ಕಾಗದದಲ್ಲೇ ಇದೆ. ಮುಂದಿನ ಮಹಾಸಭೆಯ ವಿಷಯಪಟ್ಟಿಗೆ ಹಾಕಿಸುತ್ತೇನೆ. ಅದಕ್ಕೂ ಮೊದಲು ಅವರ ಮನೆಗೆ ಹೋಗಿ ಬರುತ್ತೇನೆ. ಯಾರಾದರೂ ನಿಮ್ಮ ಸಂಘದಲ್ಲಿ ದತ್ತಿ ಹಿಂತಿರುಗಿಸಿದ್ದರೆ ಠರಾವು ಹೇಗೆ ಬರೆದಿರಿ ಅಂತ ಇಲ್ಲಿ ಹಾಕಿ. ನನಗೆ ಒಂದು ಮಾದರಿ ಬೇಕು.